ರವಿವಾರ ಮಧ್ಯಾಹ್ನದ ಭಾರ

ಮಗಳಿಗೆ ಹದಿನಾಲ್ಕು ತುಂಬಿದಾಗ ಅವಳಪ್ಪ ಅವಳನ್ನು ಜಿಯು-ಜಿತ್ಸು ಎಂಬ ನೆಲದ ಕುಸ್ತಿಯ ಕ್ಲಾಸಿಗೆ ಸೇರಿಸಿದರು. ಎರಡು ತಿಂಗಳಿಗೆ ಅವಳು ಬಿಟ್ಟಳು. ಅವಳನ್ನು ಕರೆದುಕೊಂಡು ಹೋಗುತ್ತಿದ್ದ ನಾನು ಉಳಿದುಕೊಂಡೆ.

ಆಗ ನನಗೆ ನಲವತ್ತೊಂದು. ವಿಜಯಪುರದಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ನಾಶಿಕ್‌ಗೆ ಬಂದು ಮೂರು ವರ್ಷವಾಗಿತ್ತು. ಶಾಖೆ ಪಂಚವಟಿಯಲ್ಲಿ, ಮನೆ ನದಿಯ ಈಚೆ ದಡದಲ್ಲಿ. ಕ್ಲಾಸು ನಡೆಯುತ್ತಿದ್ದುದು ಒಂದು ಟೈಲ್ಸ್ ಅಂಗಡಿಯ ಮೇಲಿನ ಹಾಲಿನಲ್ಲಿ, ಬುಧವಾರ ಸಂಜೆ ಮತ್ತು ರವಿವಾರ ಬೆಳಿಗ್ಗೆ. ಬೆಂಚಿನ ಮೇಲೆ ಕೂತು ಫೋನ್ ನೋಡುತ್ತಿದ್ದ ನನಗೆ ಕಲಿಸುವ ಸರ್ ಒಂದು ದಿನ, ಸುಮ್ಮನೆ ಕೂರುವುದಕ್ಕಿಂತ ಬಂದು ಉರುಳಾಡಿ ಅಂದರು. ಅವರು ಮೊದಲು ಮಣ್ಣಿನ ಕುಸ್ತಿ ಆಡಿದವರು, ಎರಡೂ ಕಿವಿ ಜಜ್ಜಿ ಮುದ್ದೆಯಾಗಿದ್ದವು. ಹೋಗಿ ಉರುಳಾಡಿದೆ. ಮೈಕೈ ನೋವಿನಿಂದ ಎರಡು ದಿನ ಕುರ್ಚಿಯಿಂದ ಏಳುವಾಗ ಮೇಜು ಹಿಡಿಯಬೇಕಾಯಿತು. ಮತ್ತೆ ಹೋದೆ.

ಮೊದಲ ದಿನ ಕಲಿಸಿದ್ದು ಹಿಪ್ ಎಸ್ಕೇಪ್. ಬೆನ್ನ ಮೇಲೆ ಮಲಗು, ಒಂದು ಮಗ್ಗುಲಿಗೆ ಹೊರಳು, ಕಾಲೂರಿ ಸೊಂಟವನ್ನು ಹಿಂದಕ್ಕೆ ಸರಿಸು. ಇನ್ನೊಂದು ಮಗ್ಗುಲಿಗೆ ಹೊರಳು, ಮತ್ತೆ ಸರಿಸು. ಹೀಗೆ ಹಾಲಿನ ಈ ಗೋಡೆಯಿಂದ ಆ ಗೋಡೆಗೆ. ಸರ್ ಅದನ್ನು ಝಿಂಗಾ ಅನ್ನುತ್ತಿದ್ದರು, ಸೀಗಡಿ. ನಮ್ಮದು ಶಾಕಾಹಾರಿ ಮನೆ. ಸೀಗಡಿ ಹೇಗೆ ಚಲಿಸುತ್ತದೆಂದು ನಾನು ನೋಡಿರಲಿಲ್ಲ. ಒಂಬತ್ತು ಹತ್ತು ವರ್ಷದ ಮಕ್ಕಳು ನನ್ನ ಪಕ್ಕದಲ್ಲಿ ಸರ್ರನೆ ಜಾರಿ ಗೋಡೆ ಮುಟ್ಟಿ ವಾಪಸು ಬರುವಷ್ಟರಲ್ಲಿ ನಾನು ನಾಲ್ಕು ಮೊಳ ಹೋಗಿರುತ್ತಿದ್ದೆ.

ಬರಿಯ ನೆಲದ ಮೇಲೆ ಹೇಗೋ ಬಂತು. ಮೇಲೊಬ್ಬರು ಎದೆಗೆ ಅಡ್ಡಲಾಗಿ ಮಲಗಿ ಅದುಮಿದರೆ ಕಲಿತದ್ದೆಲ್ಲ ಮರೆತುಹೋಗುತ್ತಿತ್ತು. ಎರಡೂ ಅಂಗೈಯಿಂದ ಅವರನ್ನು ಮೇಲಕ್ಕೆ ತಳ್ಳುತ್ತಿದ್ದೆ, ತೋಳು ಸೋಲುತ್ತಿತ್ತು, ಉಸಿರು ಕಟ್ಟುತ್ತಿತ್ತು. ಸೋತೆ ಅನ್ನುವುದಕ್ಕೆ ಅಲ್ಲಿ ಮೇಲಿನವರ ಬೆನ್ನ ಮೇಲೆ ಎರಡು ಸಲ ತಟ್ಟಬೇಕು. ತಟ್ಟಿದರೆ ತಕ್ಷಣ ಬಿಡಬೇಕು. ನಾನು ಆ ಹಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ತಟ್ಟಿದವಳು.

"ಧಕ್ಕಾ ಮತ್ ದೋ, ಮ್ಯಾಡಮ್. ಖುದ್ ಖಿಸಕೋ," ಎನ್ನುತ್ತಿದ್ದರು ಸರ್. ಅವರನ್ನು ತಳ್ಳಬೇಡಿ, ನೀವು ಸರಿಯಿರಿ. ಎಂಟು ತಿಂಗಳು ಇದೇ ಮಾತು ಕೇಳಿದೆ.

ನನಗೆ ಜೋಡಿಯಾಗಿ ಸಿಕ್ಕವಳು ನಾಶಿಕ್ ಹತ್ತಿರದ ಸಿನ್ನರ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ. ಹುಡುಗಿ ಅಂದೆ, ಅವಳಿಗೆ ಮೂವತ್ತರ ಹತ್ತಿರ. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ. ನನಗಿಂತ ಗಿಡ್ಡ, ತೂಕವೂ ಕಡಿಮೆ. ಮೊದಲ ವಾರ ನಾವು ಹಿಂದಿಯಲ್ಲೇ ಮಾತಾಡಿಕೊಂಡೆವು. ಒಂದು ದಿನ ನಾನು ಮೊಣಕೈ ನೆಲಕ್ಕೆ ತಾಗಿ "ಅಯ್ಯೋ ಯವ್ವಾ" ಅಂದೆ. ಮೇಲಿದ್ದವಳು ತಲೆಯೆತ್ತಿ ನೋಡಿದಳು.

"ನೀವು ಕನ್ನಡದವ್ರೇನ್ರಿ?"

"ಹೌದವಾ. ನೀ ಯಾವೂರಾಕಿ?"

"ನಮ್ಮೂರು ಯಾದಗಿರಿ ಕಡಿ ಅದರಿ. ನಾ ನೋಡಿಲ್ಲ. ನಾ ಹುಟ್ಟಿದ್ದು ಇಲ್ಲೇರಿ, ಸೈಟಿನ ಮ್ಯಾಲ."

ಅಪ್ಪ ಅವ್ವ ಸಿನ್ನರ್‌ನ ಕಾರ್ಖಾನೆಗಳನ್ನು ಕಟ್ಟುವಾಗ ಕಲ್ಲು ಸಿಮೆಂಟು ಹೊರಲು ಬಂದವರು, ಅಲ್ಲೇ ನಿಂತವರು. ಅವಳ ಕನ್ನಡ ಮನೆಯೊಳಗಿನದು, ಮಧ್ಯೆ ಮಧ್ಯೆ ಮರಾಠಿ ನುಗ್ಗುತ್ತಿತ್ತು. ಅವತ್ತಿನಿಂದ ನನ್ನನ್ನು ಅಕ್ಕಾ ಅಂದಳು.

ಕ್ಲಾಸಿನಲ್ಲಿ ಉಳಿದ ಹೆಂಗಸರಿಗೆ ಅವಳ ಜೊತೆ ಆಡಲು ಮನಸ್ಸಿರಲಿಲ್ಲ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನನಗೇ ತಿಳಿಯಿತು. ಅವಳು ಮೇಲೆ ಬಂದರೆ ತೂಕ ಎಲ್ಲಿಂದಲೋ ಬರುತ್ತಿತ್ತು. ಅವಸರವಿಲ್ಲ. ಮೊದಲು ಸೊಂಟ ಇಳಿಯುತ್ತಿತ್ತು, ಆಮೇಲೆ ಪಕ್ಕೆಲುಬು, ಕಡೆಗೆ ತಲೆ. ತಲೆಯನ್ನು ಒಂದು ಕಡೆ ಹೊರಳಿಸಿ ಕಿವಿಯನ್ನು ನಿಮ್ಮ ಎದೆಯ ಮೇಲೆ ಇಡುತ್ತಿದ್ದಳು. ಹಾಗೆ ಇಡಬೇಕೆಂದು ಸರ್ ಯಾರಿಗೂ ಕಲಿಸಿರಲಿಲ್ಲ. ಆಮೇಲೆ ಕಣ್ಣು ಮುಚ್ಚುತ್ತಿದ್ದಳು. ನೀವು ತಟ್ಟಿದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಒಂದು ಸಲ ನಾನು ನಾಲ್ಕು, ಐದು ಸಲ ತಟ್ಟಿದೆ. ಸರ್ ಓಡಿಬಂದು ಅವಳ ಬೆಲ್ಟು ಹಿಡಿದು ಎಳೆದರು. ಎದ್ದವಳು ಎಲ್ಲಿದ್ದೇನೆಂದು ತಿಳಿಯದ ಹಾಗೆ ಹಾಲನ್ನೆಲ್ಲ ನೋಡಿದಳು.

"ಗೊತ್ತಾಗಲಿಲ್ರಿ ಅಕ್ಕಾ," ಅಂದಳು. "ತಪ್ಪಾತು."

ಆದರೂ ನಾನು ಅವಳನ್ನು ಬಿಡಲಿಲ್ಲ. ಆ ಊರಿನಲ್ಲಿ ನನ್ನ ಹತ್ತಿರ ಕನ್ನಡ ಮಾತಾಡಲು ಗಂಡನನ್ನು ಬಿಟ್ಟರೆ ಅವಳೊಬ್ಬಳೇ. ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮರಾಠಿಯಲ್ಲಿ ಬರುತ್ತದೆ.

ಮರುವರ್ಷ ನನ್ನನ್ನು ಛತ್ರಪತಿ ಸಂಭಾಜಿನಗರಕ್ಕೆ ಹಾಕಿದರು. ಮಗಳದು ಹತ್ತನೆಯ ತರಗತಿ. ಗಂಡನ ಕೆಲಸ ನಾಶಿಕ್‌ನಲ್ಲಿ. ಹಾಗಾಗಿ ಒಬ್ಬಳೇ ಹೋದೆ. ಬ್ಯಾಂಕಿಗೆ ರಜೆಯಿರುವ ಎರಡನೆಯ, ನಾಲ್ಕನೆಯ ಶನಿವಾರಗಳಿಗೆ ಬಸ್ಸು ಹತ್ತಿ ನಾಶಿಕ್‌ಗೆ ಬರುವುದು, ರವಿವಾರ ಬೆಳಿಗ್ಗೆ ಕ್ಲಾಸು ಮುಗಿಸಿ ಊಟ ಮಾಡಿ ಹೊರಡುವುದು. ಉಳಿದ ರವಿವಾರಗಳು ಸಂಭಾಜಿನಗರದಲ್ಲೇ.

ಅಲ್ಲಿ ಸಿಕ್ಕ ಮನೆ ಹಳೆಯದೊಂದು ಕಟ್ಟಡದ ಮಹಡಿ. ಕೆಳಗೆ ಮನೆಯೊಡತಿ, ನಿವೃತ್ತ ಶಾಲಾ ಶಿಕ್ಷಕಿ, ಅವರೂ ಒಂಟಿ. ಮೇಲೆ ಒಂದು ಅಡುಗೆಮನೆ, ಉದ್ದನೆಯ ಓಣಿಯಂಥ ನಡುಮನೆ, ಒಂದು ಮಲಗುವ ಕೋಣೆ. ಕೋಣೆಯಲ್ಲಿ ಹಿಂದಿನವರು ಬಿಟ್ಟುಹೋದ ಕಬ್ಬಿಣದ ಕಪಾಟಿತ್ತು. ಅದರ ಒಂದು ಕಾಲು ಮುರಿದು ಅಲ್ಲಿ ಇಟ್ಟಿಗೆ ಇಟ್ಟಿದ್ದರು. ಮಂಚ ಬೇಡವೆಂದು ನಾನು ಹಾಸಿಗೆಯನ್ನು ನೆಲಕ್ಕೇ ಹಾಸಿದೆ.

ಮೊದಲನೆಯ ಸಲ ಅದು ಆದದ್ದು ಏಪ್ರಿಲ್‌ನಲ್ಲಿ. ಹಿಂದಿನ ದಿನ ತಪಾಸಣೆಗೆಂದು ಕನ್ನಡ ತಾಲೂಕಿನ ಶಾಖೆಗೆ ಹೋಗಿದ್ದೆ. ಊರ ಹೆಸರೇ ಕನ್ನಡ. ಬಸ್ಸಿನ ಫಲಕದ ಮೇಲೆ ದೇವನಾಗರಿಯಲ್ಲಿ ಆ ಹೆಸರು ನೋಡಿ ಹತ್ತಿದೆ, ಅಲ್ಲಿ ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ದಣಿದು ಬಂದಿದ್ದೆ. ರವಿವಾರ ಮಧ್ಯಾಹ್ನ ಉಂಡು ಕಿಟಕಿಗೆ ಒದ್ದೆ ಸೀರೆ ಕಟ್ಟಿ ಮಲಗಿದೆ.

ಎಚ್ಚರವಾದಾಗ ಬೆಳಕು ಹಾಗೇ ಇತ್ತು. ಫ್ಯಾನು ತಿರುಗುತ್ತಿತ್ತು. ಹೊರಗೆ ಈರುಳ್ಳಿ ಮಾರುವವನ ಮೈಕು ದೂರ ಹೋಗುತ್ತಿತ್ತು. ನನ್ನ ಎಡಗಡೆ ಹಾಸಿಗೆ ತಗ್ಗಿತು, ಯಾರೋ ಅಲ್ಲಿ ಮೊಣಕಾಲೂರಿದ ಹಾಗೆ. ತಲೆ ತಿರುಗಿಸಲು ನೋಡಿದೆ, ಆಗಲಿಲ್ಲ. ಕೈಯೆತ್ತಲು ನೋಡಿದೆ, ಅದೂ ಆಗಲಿಲ್ಲ. ಆಮೇಲೆ ಭಾರ ಅಡ್ಡಲಾಗಿ ನನ್ನ ಮೇಲೆ ಬಂತು. ಅವಸರವಿಲ್ಲ. ಮೊದಲು ಸೊಂಟ ಇಳಿಯಿತು. ಆಮೇಲೆ ಪಕ್ಕೆಲುಬು. ಕೊನೆಗೆ ಎದೆಯ ನಡುವೆ, ಸ್ವಲ್ಪ ಎಡಕ್ಕೆ, ದುಂಡಗೆ, ಬೆಚ್ಚಗೆ ಒಂದು ತಲೆ.

ಕಣ್ಣು ತೆರೆದೇ ಇತ್ತು. ಮೇಲೆ ಏನೂ ಕಾಣಲಿಲ್ಲ, ಫ್ಯಾನು ಮಾತ್ರ.

ಕೂಗಬೇಕೆಂದುಕೊಂಡೆ. ಗಂಟಲಿನಿಂದ ಗಾಳಿಯಷ್ಟೇ ಬಂತು. ಮನಸ್ಸಿನಲ್ಲೇ ಎರಡೂ ಕೈಯಿಂದ ತಳ್ಳಿದೆ. ತಳ್ಳಿದಷ್ಟೂ ಭಾರ ಹೆಚ್ಚಿತು. ಎಷ್ಟು ಹೊತ್ತೋ. ಭಾರ ತಾನಾಗಿ ಎದ್ದುಹೋದಾಗ ನನ್ನ ಬ್ಲೌಸು ಬೆವರಿಗೆ ತೊಯ್ದಿತ್ತು, ಗಡಿಯಾರದಲ್ಲಿ ಮೂರೂಕಾಲು. ಮೂಗಿಗೆ ಯಂತ್ರದ ಎಣ್ಣೆಯ ವಾಸನೆ ಹತ್ತಿತು. ಕಿಟಕಿಯ ಹೊರಗೆ ಗ್ಯಾರೇಜಿದೆಯೇ ಎಂದು ನೋಡಿದೆ. ಬೇವಿನ ಮರ, ಅದರಾಚೆ ಗೋಡೆ.

ವೈದ್ಯರ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಕೇಳಿದರು. ನಿದ್ದೆಯಲ್ಲಿ ದೇಹ ಕಟ್ಟಿಹಾಕಿದಂತೆ ಇರುತ್ತದೆ, ಒಮ್ಮೊಮ್ಮೆ ಎಚ್ಚರ ಮೊದಲು ಬಂದುಬಿಡುತ್ತದೆ, ದೇಹ ಹಿಂದೆ ಉಳಿಯುತ್ತದೆ, ಆ ನಡುವಿನ ನಿಮಿಷಗಳಲ್ಲಿ ಮಿದುಳು ಭಯಕ್ಕೆ ಒಂದು ಆಕಾರ ಕೊಡುತ್ತದೆ ಎಂದರು. ಬಹಳ ಜನರಿಗೆ ಆಗುತ್ತದಂತೆ. ಬೆನ್ನ ಮೇಲೆ ಮಲಗಬೇಡಿ ಎಂದರು. ನಾನು ಅವರನ್ನು ನಂಬಿದೆ, ಈಗಲೂ ನಂಬುತ್ತೇನೆ. ಮಗ್ಗುಲಾಗಿ ಮಲಗಿದೆ. ಅಲ್ಲಿ ಉಳಿದ ಮುಂದಿನ ರವಿವಾರ ಕಣ್ಣು ತೆರೆದಾಗ ಬೆನ್ನ ಮೇಲೇ ಇದ್ದೆ, ಎಡಗಡೆ ಹಾಸಿಗೆ ತಗ್ಗುತ್ತಿತ್ತು.

ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಮನೆಯೊಡತಿ ತುಳಸಿಗೆ ನೀರು ಹಾಕುತ್ತಿದ್ದರು.

"ಕಾಲ್ ಪಾಹುಣೆ ಆಲೇ ಹೋತೇ ಕಾ?" ಎಂದು ಕೇಳಿದರು. ನಿನ್ನೆ ನೆಂಟರು ಬಂದಿದ್ದರೇ ಎಂದು.

ಇಲ್ಲ ಅಂದೆ.

"ಮಧ್ಯಾಹ್ನ ಮೇಲೆ ಇಬ್ಬರು ಇದ್ದ ಹಾಗಿತ್ತು," ಎಂದರು ಮರಾಠಿಯಲ್ಲಿ. "ಒಬ್ಬರು ನಡೆದು ಬಂದ ಹಾಗೆ, ಆಮೇಲೆ ನೆಲದ ಮೇಲೆ ಕೂತ ಹಾಗೆ. ಇರಲಿ, ಹಳೇ ಮನೆ, ಪಕ್ಕದ ಸದ್ದೆಲ್ಲ ಕೇಳಿಸುತ್ತದೆ."

ಪಕ್ಕದಲ್ಲಿ ಖಾಲಿ ನಿವೇಶನವಿತ್ತು. ಅದನ್ನು ಅವರಿಗೆ ನೆನಪಿಸಲಿಲ್ಲ.

ಬ್ಯಾಂಕಿನವಳಲ್ಲವೇ, ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದೆ. ಏಪ್ರಿಲ್‌ನಿಂದ ಜುಲೈವರೆಗೆ ಸಂಭಾಜಿನಗರದಲ್ಲಿ ಕಳೆದ ರವಿವಾರಗಳಲ್ಲಿ ಎರಡನ್ನು ಬಿಟ್ಟು ಎಲ್ಲ ದಿನವೂ ಬಂದಿತ್ತು. ನಾಶಿಕ್‌ನ ಮನೆಯಲ್ಲಿ ಮಧ್ಯಾಹ್ನ ಮಲಗುವಷ್ಟು ಹೊತ್ತು ಸಿಗುತ್ತಿರಲಿಲ್ಲ. ಗಂಡನಿಗೆ ಹೇಳಿದೆ, ಮನೆ ಬದಲಿಸು ಎಂದರು. ಬದಲಿಸಬಹುದಿತ್ತು. ಆದರೆ ಆ ಭಾರ ನನಗೆ ಪರಿಚಯದ್ದು. ನನ್ನ ಪಕ್ಕೆಲುಬಿಗೆ ಅದರ ಗುರುತಿತ್ತು. ಅದನ್ನು ಗಂಡನಿಗೆ ಹೇಳಲು ಬಾಯಿ ಬರಲಿಲ್ಲ. ನನಗೆ ನಾನು ಹೇಳಿಕೊಳ್ಳಲೂ ತಿಂಗಳುಗಳು ಬೇಕಾದವು.

ಜುಲೈ ಕೊನೆಯ ಒಂದು ರವಿವಾರ ನಾಶಿಕ್‌ನಲ್ಲಿ ಕ್ಲಾಸು ಮುಗಿಸಿ ಇಬ್ಬರೂ ಸಿನ್ನರ್ ಬಸ್ಸು ನಿಲ್ಲುವ ಕಡೆ ಚಹಾ ಕುಡಿಯುತ್ತ ನಿಂತಿದ್ದೆವು. ಮಳೆ ಹನಿಯುತ್ತಿತ್ತು. ಅವಳು ಅವತ್ತು ಆಟದಲ್ಲಿ ನನ್ನ ಮೇಲೆ ಬಂದಿರಲೇ ಇಲ್ಲ, ಏನೇನೋ ನೆವ ಹೇಳಿ ತಪ್ಪಿಸಿಕೊಂಡಿದ್ದಳು.

"ಅಕ್ಕಾ, ಒಂದು ಕೇಳ್ಲೇನ್ರಿ? ಸಿಟ್ಟು ಮಾಡಬ್ಯಾಡ್ರಿ."

"ಕೇಳವಾ."

"ನೀವು ಅಲ್ಲಿ ರವಿವಾರ ಮಧ್ಯಾಹ್ನ ಮಕ್ಕೋತೀರೇನ್ರಿ?"

ನನ್ನ ಕೈಯಲ್ಲಿದ್ದ ಗ್ಲಾಸು ಸುಡುತ್ತಿದ್ದರೂ ಕೆಳಗಿಡಲು ತೋಚಲಿಲ್ಲ. ಯಾಕೆಂದು ಕೇಳಿದೆ.

"ನಂಗ ರವಿವಾರ ಮಧ್ಯಾಹ್ನ ಮಕ್ಕೊಂಡಾಗ ಒಂದು ಕನಸು ಬೀಳ್ತದ್ರಿ. ನಾ ಯಾರ ಮ್ಯಾಲೋ ಮಕ್ಕೊಂಡಿರ್ತೀನಿ. ಕೆಳಗಿನವ್ರು ಒದ್ದಾಡ್ಲಕತ್ತಿರ್ತಾರ. ಏಳಬೇಕು ಅನಸ್ತದ, ಏಳ್ಲಕ್ಕ ಬರಂಗಿಲ್ಲ. ಮೊದಲಿಂದ ಬೀಳ್ತದ ಈ ಕನಸು, ಸಣ್ಣಾಕಿ ಇದ್ದಾಗಿಂದ. ಆದ್ರ ಈಗ ಕೆಳಗ ಇರೋರು ನೀವು ಅನಸ್ತದ್ರಿ."

"ನಾನಂತ ಹ್ಯಾಂಗ ಗೊತ್ತಾತು? ಮುಖ ಕಾಣ್ತದೇನು?"

"ಮುಖ ಕಾಣಂಗಿಲ್ರಿ. ಎದಿ ಬಡಿತ ನಿಮ್ದೇ ಅನಸ್ತದ, ಕ್ಲಾಸಿನ್ಯಾಗ ಕೇಳಿ ಗುರ್ತದ. ನನ್ನ ಕಿವಿ ಎದಿ ಮ್ಯಾಲ ಇರ್ತದಲ್ಲ, ಮಾರಿ ಒಂದು ಕಡಿ ಇರ್ತದ. ಆ ಕಡಿ ಇದ್ದದ್ದೇ ಕಾಣ್ತದ. ಒಂದು ಕಪಾಟು ಅದ. ಕಬ್ಬಿಣದ್ದು. ಅದರ ಕೆಳಗ ಇಟ್ಟಂಗಿ ಇಟ್ಟಾರ."

ನಾನು ಆ ಮನೆಯ ಬಗ್ಗೆ ಅವಳಿಗೆ ಹೇಳಿದ್ದು ಮಹಡಿ, ಬಾಡಿಗೆಯ ಮನೆ ಅಂತ ಅಷ್ಟೇ. ಫೋಟೋ ಕಳಿಸಿದವಳಲ್ಲ. ಗಂಡ ಮಗಳು ಕೂಡ ಆ ಕೋಣೆ ನೋಡಿರಲಿಲ್ಲ. ಹಾಸಿಗೆಯಲ್ಲಿ ಮಲಗಿ ತಲೆ ಹೊರಳಿಸಿದರೆ ಕಣ್ಣಿಗೆ ನೇರಕ್ಕೆ ಕಾಣುವುದು ಆ ಇಟ್ಟಿಗೆಯೇ.

ಎರಡು ರವಿವಾರ ಕನಸು ಬಿದ್ದಿಲ್ಲವೇ ಎಂದು ಕೇಳಿದೆ. ಮೇ ತಿಂಗಳಲ್ಲೊಂದು, ಜೂನ್‌ನಲ್ಲೊಂದು.

"ಆಗ ಓವರ್‌ಟೈಮ್ ಇತ್ತಲ್ರಿ," ಅಂದಳು. "ರವಿವಾರನೂ ಕೆಲಸಕ್ಕ ಹೋಗಿದ್ದೆ."

ಅವಳ ಬಸ್ಸು ಬಂದು ಹೋಯಿತು. ಇನ್ನೊಂದೂ ಹೋಯಿತು. ಅಲ್ಲೇ ಅಂಗಡಿಯ ತಗಡಿನ ಕೆಳಗೆ ನಿಂತು ಅವಳು ಅಣ್ಣನ ಕತೆ ಹೇಳಿದಳು.

ಅವನು ಅವಳಿಗಿಂತ ನಾಲ್ಕು ವರ್ಷ ದೊಡ್ಡವನು. ಮೂರ್ಛೆ ರೋಗ. ಬಂದರೆ ಕೈಕಾಲು ಬಡಿದು ತಲೆಯನ್ನು ನೆಲಕ್ಕೆ ಜಜ್ಜಿಕೊಳ್ಳುತ್ತಿದ್ದ. ಅಪ್ಪ ಅವ್ವ ಇಬ್ಬರೂ ಕೆಲಸಕ್ಕೆ ಹೋಗುವವರು. ಬಂದಾಗ ಅವನ ಎದೆಯ ಮೇಲೆ ಅಡ್ಡ ಬೀಳು, ನಿಲ್ಲುವವರೆಗೆ ಏಳಬೇಡ ಎಂದು ಅವಳಿಗೆ ಹೇಳಿಕೊಟ್ಟಿದ್ದರು. ಹಾಗೆ ಮಾಡಬಾರದೆಂದು ಕೂಲಿಯವರ ಆ ತಗಡಿನ ಶೆಡ್ಡುಗಳಲ್ಲಿ ಹೇಳುವವರು ಯಾರಿದ್ದರು? ಏಳೆಂಟು ವರ್ಷದವಳಿದ್ದಾಗಿಂದ ಅವಳ ಕೆಲಸ ಅದು. ಎದೆಗೆ ಕಿವಿಯಿಟ್ಟು ಕೇಳುತ್ತಿದ್ದಳಂತೆ. ಬಡಿತ ಜೋರಾಗಿದ್ದದ್ದು ಮೆಲ್ಲಗಾದರೆ ಮುಗಿಯಿತು ಎಂದು ಅರ್ಥ, ಆಗ ಏಳಬಹುದು.

ಹನ್ನೆರಡು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಬಂತು. ಬೇಸಿಗೆ. ಶೆಡ್ಡಿನೊಳಗೆ ಇಬ್ಬರೇ.

"ನಾ ಮ್ಯಾಲ ಬಿದ್ದೆ. ಅದು ನೆನಪದ. ಆಮ್ಯಾಲಿಂದು ನೆನಪಿಲ್ರಿ. ನಿದ್ದಿ ಹತ್ತಿರಬೇಕು. ಎದ್ದಾಗ ಸಂಜಿ ಆಗಿತ್ತು. ಜನ ಕೂಡಿತ್ತು. ಅವ ಉಳಿದಿರಲಿಲ್ಲ." ಚಹಾದ ಗ್ಲಾಸನ್ನು ಅಂಗಡಿಯವನಿಗೆ ವಾಪಸು ಕೊಟ್ಟು, "ಅವ ಹೋದಾಗ ನಾ ಮ್ಯಾಲೇ ಇದ್ನಿ ಅಕ್ಕಾ. ಮಕ್ಕೊಂಡಿದ್ನಿ. ಅವ ಏಳ್ಲಕ್ಕ ನೋಡಿರಬೇಕು," ಅಂದಳು.

ಅವಳ ಕೈ ಹಿಡಿದುಕೊಂಡೆ. ಲೇತ್ ಕೆಲಸದ ಕೈ, ಬೆರಳುಗಳ ಗೆರೆಯಲ್ಲಿ ಎಣ್ಣೆ ಕಪ್ಪಾಗಿ ಕೂತಿತ್ತು.

ಕೊನೆಗೆ ಅವಳೇ ಹೇಳಿದಳು. "ನಂಗ ಏಳ್ಲಕ್ಕ ಬರಂಗಿಲ್ರಿ. ನೀವೇ ಕೆಳಗಿಂದ ಹೋಗ್ರಿ."

ಸಂಭಾಜಿನಗರದಲ್ಲಿ ನಾನು ಆ ಓಣಿಯಂಥ ನಡುಮನೆಯಲ್ಲಿ ದಿನಾ ಬೆಳಿಗ್ಗೆ ಹಿಪ್ ಎಸ್ಕೇಪ್ ಮಾಡತೊಡಗಿದೆ. ಈ ತುದಿಯಿಂದ ಆ ತುದಿಗೆ ಹತ್ತು ಸಲ, ಸ್ನಾನಕ್ಕೆ ಮೊದಲು. ಮೊಣಕೈ ಸುಲಿಯಿತು. ಮನೆಯೊಡತಿ ಮೇಲೆ ಬಂದು, ನೆಲ ಒರೆಸಲು ಹೆಂಗಸು ಬೇಕಾದರೆ ನಾನೇ ಹುಡುಕಿಕೊಡುತ್ತೇನೆ, ನೀವು ಹೀಗೆ ತಿಕ್ಕಬೇಡಿ ಎಂದರು.

ಮುಂದಿನ ಸಲ ನಾಶಿಕ್‌ಗೆ ಬಂದಾಗ ಸರ್‌ಗೆ, ನನಗೆ ಇದೊಂದನ್ನೇ ಸರಿಯಾಗಿ ಕಲಿಸಿ ಎಂದೆ. ಕಾರಣ ಹೇಳಲಿಲ್ಲ. ಅವರು ಸಿನ್ನರ್‌ನವಳನ್ನೇ ನನ್ನ ಮೇಲೆ ಮಲಗಿಸಿ ಒಂದು ತಾಸು ಪಕ್ಕದಲ್ಲಿ ಮಂಡಿಯೂರಿ ಕೂತರು.

ಮೊದಲು ಕೈ ಬಿಡಿಸಿದರು. ಅಂಗೈಯಿಂದ ತಳ್ಳಿದರೆ ತೋಳಿನ ಮಾಂಸ ಕೆಲಸ ಮಾಡುತ್ತದೆ, ಮಾಂಸ ದಣಿಯುತ್ತದೆ. ಮುಂಗೈ ಮೂಳೆಯನ್ನು ಇಡಿ, ಒಂದನ್ನು ಅವಳ ಕುತ್ತಿಗೆಯ ಬುಡಕ್ಕೆ, ಇನ್ನೊಂದನ್ನು ಅವಳ ಸೊಂಟದ ಮೂಳೆಗೆ. ಎತ್ತಬೇಡಿ. ಕಂಬ ನಿಲ್ಲಿಸಿದ ಹಾಗೆ ಇಟ್ಟು ಬಿಡಿ. ಆಮೇಲೆ ಹಿಮ್ಮಡಿ. ನನ್ನ ಕಾಲು ಎಲ್ಲೋ ದೂರ ಚಾಚಿಕೊಂಡಿತ್ತು, ಅದಕ್ಕೇ ಊರಿದರೂ ಬಲ ಬರುತ್ತಿರಲಿಲ್ಲ. ಅವರು ಹಿಮ್ಮಡಿಯನ್ನು ಹಿಡಿದು ನನ್ನ ಕುಂಡೆಯ ಹತ್ತಿರ ತಂದಿಟ್ಟರು. ಪೂರ್ತಿ ಬೆನ್ನ ಮೇಲೆ ಇರಬೇಡಿ, ಅವಳ ಕಡೆಗೇ ಮಗ್ಗುಲಾಗಿ ಎಂದರು. ಅದು ನನಗೆ ಬಹಳ ಕಷ್ಟವಾಯಿತು. ಹೆದರಿದವರು ಮುಖ ಆಚೆ ತಿರುಗಿಸುತ್ತಾರೆ. ಇಲ್ಲಿ ಭಾರದ ಕಡೆಗೇ ತಿರುಗಬೇಕು.

"ಮತ್ತೆ ಒಂದೇ ಸಲಕ್ಕೆ ಹೊರಗೆ ಬೀಳಬೇಕೆಂದು ನೋಡುತ್ತೀರಿ," ಎಂದರು ಸರ್ ಹಿಂದಿಯಲ್ಲಿ. "ದೊಡ್ಡದಾಗಿ ಸರಿದರೆ ಮೇಲಿನವಳಿಗೆ ಗೊತ್ತಾಗುತ್ತದೆ, ಹಿಂದೆಯೇ ಬರುತ್ತಾಳೆ. ಎರಡು ಬೆರಳು ಸರಿಯಿರಿ, ಸಾಕು. ಅವಳು ಉಸಿರು ಬಿಟ್ಟಾಗ ಇನ್ನೆರಡು ಬೆರಳು. ಜಾಗ ಆದಾಗ ಮೊಣಕಾಲು ಒಳಗೆ."

ಎರಡು ಬೆರಳು ಸರಿದೆ. ಕಾದೆ. ಅವಳು ಉಸಿರು ಬಿಟ್ಟಳು, ಇನ್ನೆರಡು. ಅವಳು ಕಣ್ಣು ಮುಚ್ಚಿದ್ದಳು, ಕಿವಿ ನನ್ನ ಎದೆಯ ಮೇಲಿತ್ತು. ಆಗಸ್ಟ್‌ನ ಎರಡು ಭೇಟಿಯಲ್ಲೂ ನಾವು ಇದನ್ನೇ ಮಾಡಿದೆವು. ಎರಡನೆಯ ಸಲ ನನ್ನ ಮೊಣಕಾಲು ಅವಳ ಹೊಟ್ಟೆ ಮತ್ತು ನನ್ನ ಹೊಟ್ಟೆಯ ನಡುವೆ ತಾನಾಗಿ ಬಂದು ಕೂತಿತು. ಇದು ನಾನು ಮಾಡಿದ್ದೇ ಎಂದು ನನಗೇ ನಂಬಿಕೆಯಾಗಲಿಲ್ಲ. ಸರ್ ಚಪ್ಪಾಳೆ ತಟ್ಟಿದರು. ಅವಳು ಎದ್ದು ಕೂತು ಬೆಲ್ಟು ಬಿಗಿದುಕೊಂಡಳು.

ಅದರ ಮುಂದಿನ ರವಿವಾರ ನಾನು ಸಂಭಾಜಿನಗರದಲ್ಲಿದ್ದೆ. ಬೇಕೆಂದೇ ಉಂಡು ಮಲಗಿದೆ. ನಿದ್ದೆ ಬರುವುದಿಲ್ಲವೆಂದುಕೊಂಡಿದ್ದೆ, ಕೂಡಲೇ ಬಂತು.

ಎಚ್ಚರವಾದಾಗ ಭಾರ ಆಗಲೇ ಮೇಲಿತ್ತು. ಹಾಸಿಗೆ ತಗ್ಗಿದ್ದು ಈ ಸಲ ತಿಳಿದಿರಲಿಲ್ಲ. ಎಂದಿಗಿಂತ ಹೆಚ್ಚು ಭಾರ, ಉಸಿರು ಒಳಗೆಳೆದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಕೈ ಸತ್ತಿತ್ತು. ಮೂಳೆಯ ಕಂಬ ನಿಲ್ಲಿಸಲು ಮೂಳೆಯೇ ನನ್ನ ಮಾತು ಕೇಳುತ್ತಿರಲಿಲ್ಲ. ತಳ್ಳು ತಳ್ಳು ಎಂದು ಮೈಯೆಲ್ಲ ಹೇಳಿತು. ತಳ್ಳಲಿಲ್ಲ. ಉಸಿರನ್ನು ಹೋದಷ್ಟು ಹೊರಗೆ ಬಿಟ್ಟೆ.

ಬಲಗಾಲಿನ ಹೆಬ್ಬೆರಳು ಆಡಿತು. ಅದೊಂದೇ. ಹೆಬ್ಬೆರಳನ್ನೇ ನೆಲಕ್ಕೆ ಒತ್ತಿದೆ. ಪಾದ ಬಂತು. ಹಿಮ್ಮಡಿಯನ್ನು ಎಳೆದುಕೊಂಡೆ, ಹಾಸಿಗೆಯ ಮೇಲೆ ಅದು ತಿಕ್ಕಿದ ಸದ್ದು ಕೇಳಿಸಿತು. ಭಾರದ ಕಡೆಗೆ ಮಗ್ಗುಲಾಗಲು ಹೋದೆ. ಕುತ್ತಿಗೆ ತಿರುಗಲಿಲ್ಲ, ಕಣ್ಣು ತಿರುಗಿತು. ಕಣ್ಣಿನ ಮೂಲೆಯಲ್ಲಿ ಏನೋ ಇತ್ತು. ನೋಡಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೂದಲು ಕಂಡಿತು. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ, ತುದಿಗೆ ಕೆಂಪು ರಿಬ್ಬನ್. ಸಣ್ಣ ಹುಡುಗಿಯರು ಹಾಕಿಕೊಳ್ಳುವ ಹಾಗೆ.

ಎರಡು ಬೆರಳು ಸರಿದೆ. ಅವಳು ಉಸಿರು ಬಿಟ್ಟಳು. ನಾನೂ ಬಿಟ್ಟೆ. ಇನ್ನೆರಡು. ಎಷ್ಟು ಸಲ ಹಾಗೆ ಸರಿದೆನೋ ಲೆಕ್ಕವಿಲ್ಲ. ಒಂದು ಹಂತದಲ್ಲಿ ಮೊಣಕಾಲು ಒಳಗೆ ಹೋಯಿತು, ತಣ್ಣಗೆ ಗಾಳಿ ಹೊಟ್ಟೆಗೆ ತಾಗಿತು, ಸೊಂಟ ಪೂರ್ತಿ ಹೊರಗೆ ಬಂತು. ನಾನು ಹಾಸಿಗೆಯಿಂದಾಚೆ ಬರಿಯ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದೆ. ಮುಖ ಕಪಾಟಿನ ಕಡೆಗಿತ್ತು. ಹಾಸಿಗೆಯ ಮೇಲೆ ಯಾರೂ ಇರಲಿಲ್ಲ. ಹೊದಿಕೆ ಒಂದು ಕಡೆ ಮುದ್ದೆಯಾಗಿತ್ತು, ಮಲಗಿದ ತಗ್ಗು ಇನ್ನೂ ಮೇಲೇಳುತ್ತಿತ್ತು.

ಫೋನು ರಿಂಗಾದಾಗ ಮೂರೂವರೆ. ಅವಳೇ.

"ಹೋದ್ರಿ ಅಕ್ಕಾ," ಅಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಕೆಳಗಿಂದ ಹೋದ್ರಿ. ನಾ ಹಿಡೀಲಿಲ್ಲ. ಜೀವಂತ ಹೋದ."

ಹೋದ ಅಂದಳು. ನಾನು ತಿದ್ದಲಿಲ್ಲ.

ಆಮೇಲೆ ಆ ಭಾರ ಮತ್ತೆ ಬರಲಿಲ್ಲ. ಡಿಸೆಂಬರ್‌ವರೆಗೆ ಅದೇ ಮನೆಯಲ್ಲಿದ್ದೆ, ರವಿವಾರ ಮಧ್ಯಾಹ್ನ ಅದೇ ಕೋಣೆಯಲ್ಲಿ ಮಲಗಿದೆ. ವೈದ್ಯರನ್ನು ಮತ್ತೊಮ್ಮೆ ಭೇಟಿಯಾದಾಗ ನಿಂತಿತು ಅಂದೆ. ಬಹಳ ಜನರಿಗೆ ತಾನಾಗಿ ನಿಲ್ಲುತ್ತದೆ ಎಂದರು. ಅದೂ ನಿಜವಿರಬಹುದು. ಅವಳ ಕನಸಿನಲ್ಲಿ ಕಂಡ ಕಪಾಟಿಗೆ ಅವರ ಹತ್ತಿರ ಏನು ಉತ್ತರವಿತ್ತೋ, ನಾನು ಕೇಳಲಿಲ್ಲ. ಕೇಳಿದರೆ ಒಂದು ಉತ್ತರ ಕೊಟ್ಟುಬಿಡುತ್ತಾರೆ ಎಂಬ ಹಿಂಜರಿಕೆ.

ಸೆಪ್ಟೆಂಬರ್‌ನಲ್ಲಿ ನಾಶಿಕ್‌ಗೆ ಹೋದಾಗ ಅವಳು ನನಗಿಂತ ಮೊದಲೇ ಬಂದು ಹಾಲಿನ ಮೆಟ್ಟಿಲ ಮೇಲೆ ಕೂತಿದ್ದಳು. ಕನಸಿನ ಮರುದಿನ ಅವಳು ತನ್ನ ಅವ್ವನ ಹತ್ತಿರ ಮಾತೆತ್ತಿದ್ದಳಂತೆ. ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಆ ಮಧ್ಯಾಹ್ನದ ಸುದ್ದಿ ತೆಗೆದಿರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಿದ್ದವರು ಬಡಿಯುತ್ತಲೇ ಹೇಳಿದರಂತೆ. ನಾಲ್ಕು ಗಂಟೆಗೆ ಕೆಲಸದಿಂದ ಬಂದವರು ಮೊದಲು ನೋಡಿದ್ದು ಅವರೇ. ಮಗ ಹೋಗಿದ್ದ. ಮಗಳು ಅವನ ಎದೆಯ ಮೇಲೆ ನಿದ್ದೆ ಮಾಡುತ್ತಿದ್ದಳು. ಎಬ್ಬಿಸಲಿಲ್ಲ. ಪಕ್ಕದಲ್ಲಿ ಕೂತರು. ಎದ್ದರೆ ಅವಳಿಗೆ ತಿಳಿಯುತ್ತದಲ್ಲ ಎಂದು ಎಷ್ಟೋ ಹೊತ್ತು ಹಾಗೇ ಕೂತರು.

"ನನ್ನ ಮಾರಿ ತುಂಬ ಸಿಮೆಂಟಿನ ಧೂಳಿತ್ತಂತ್ರಿ," ಅಂದಳು ಅವಳು. "ಅದರಾಗ ಕಣ್ಣೀರಿನ ಎರಡು ಗೆರಿ. ಪೂರಾ ಒಣಗಿತ್ತಂತ. ನೀ ಮೊದಲ ಅತ್ತಿ, ಆಮ್ಯಾಲ ಮಕ್ಕೊಂಡಿ, ಅವ ಹೋದದ್ದು ನಿಂಗ ಗೊತ್ತಾಗೇ ಅತ್ತಿ, ನಿದ್ದ್ಯಾಗ ಏನೂ ಆಗಿಲ್ಲ ಅಂದಳ್ರಿ ಅವ್ವ."

ನಿನಗೇನಾದರೂ ನೆನಪಾಯಿತೇ ಎಂದು ಕೇಳಿದೆ.

"ಇಲ್ರಿ." ಬೂಟಿನ ಲೇಸು ಬಿಚ್ಚತೊಡಗಿದಳು. "ಅವ್ವ ಸುಳ್ಳೂ ಹೇಳಿರಬಹುದು. ಆದ್ರ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ ನೋಡ್ರಿ. ಸುಳ್ಳು ಹೇಳುವಾಗ ಅವ್ವ ಕೆಲಸ ನಿಲ್ಲಸ್ತಾಳ."

ಅಷ್ಟರಲ್ಲಿ ಸರ್ ಬಂದು ಬಾಗಿಲು ತೆಗೆದರು. ಒಳಗೆ ಹೋಗಿ ಚಾಪೆಗಳನ್ನು ಇಬ್ಬರೂ ಸೇರಿ ಒರೆಸಿದೆವು. ಅವತ್ತು ಅವಳು, ನಾನು ಕೆಳಗಿರ್ತೀನ್ರಿ, ನಂಗೂ ಕಲಿಸ್ರಿ ಎಂದು ತಾನೇ ಬೆನ್ನ ಮೇಲೆ ಮಲಗಿದಳು. ಇಷ್ಟು ದಿನ ಮೇಲೆ ಇದ್ದು ಇದ್ದು ಅವಳಿಗೆ ಕೆಳಗಿನ ಆಟ ಏನೇನೂ ಬರುತ್ತಿರಲಿಲ್ಲ. ನಾನು ಅಡ್ಡ ಮಲಗಿದ ಕೂಡಲೇ ಎರಡೂ ಅಂಗೈಯಿಂದ ನನ್ನನ್ನು ತಳ್ಳಿದಳು.